ಕೆರೆಯ ಕಲ್ಲು, ಕೆರೆಯ ಕಥೆ, ಇಂದಿನ ಊರು



ಬೆಂಗಳೂರಿನ ಎಚ್‌ಎಸ್‌ಆರ್ ಲೇಔಟಿಗೆ ಅಂಟಿಕೊಂಡಿರುವ ಅಗರದಲ್ಲಿ ಗಂಗರ ಕಾಲದ ಶಾಸನವೊಂದು ಸಿಕ್ಕಿದೆ. ಕಾಲ ಸುಮಾರು ಕ್ರಿ.ಶ. 870. ಸಿರಿಮಯ್ಯನ ಮಗ ಎರಡು ಕೆರೆಗಳಿಗೆ ತೂಬು ಇಡಿಸಿ, ಮೂರನೆಯ ಕೆರೆಯೊಂದನ್ನು ಕಟ್ಟಿಸಿದ ಎಂಬುದು ಅದರ ಸಂಗತಿ. ಕೆರೆ ಕಟ್ಟಿಸಿದ ಸುದ್ದಿಯ ಜೊತೆಗೇ ತೂಬಿನ ಸುದ್ದಿಯನ್ನೂ ಕಲ್ಲಿಗೆ ಹಾಕಿಸಿದ್ದು ಗಮನಿಸಬೇಕಾದ ಮಾತು. ನೀರು ನಿಲ್ಲಿಸುವುದು ಅರ್ಧ ಕೆಲಸ, ಬೇಕಾದಾಗ ಬೇಕಾದಷ್ಟೇ ಬಿಡುವುದು ಉಳಿದರ್ಧ ಎಂಬುದು ಆ ಕಾಲದವರಿಗೆ ಚೆನ್ನಾಗಿ ಗೊತ್ತಿತ್ತು. ಕೆರೆ ಕಟ್ಟಿಸಿದವರಿಗೂ ದುರಸ್ತಿ ಮಾಡಿಸಿದವರಿಗೂ ಸಿಗುತ್ತಿದ್ದ ಬಿತ್ತುವಟ್ಟ ಎಂಬ ಭೂದಾನದ ಪ್ರಸ್ತಾಪ ಕರ್ನಾಟಕದ ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಹೂಳೆತ್ತುವುದಕ್ಕೆ ದುಡ್ಡು ಎಲ್ಲಿಂದ ಎಂಬ ಪ್ರಶ್ನೆಗೆ ಕೆರೆ ಕಟ್ಟುವಾಗಲೇ ಉತ್ತರ ಸಿದ್ಧವಿರುತ್ತಿತ್ತು.

ಪ್ರಾಚೀನರ ಜ್ಞಾನವನ್ನು ಹೊಗಳುವ ಸಭೆಗಳು ಇಂದು ಬಹಳ. ಹೊಗಳಿಕೆಗಿಂತ ಓದು ಮುಖ್ಯ. ಕಡಪ ಜಿಲ್ಲೆಯ ಪೋರುಮಾಮಿಳ್ಳದ ಶಾಸನವನ್ನೇ ನೋಡಬಹುದು. ವಿಜಯನಗರದ ಬುಕ್ಕರಾಯನ ಮಗ ಭಾಸ್ಕರ ಅಲ್ಲಿ ಅನಂತರಾಜಸಾಗರವನ್ನು ಕಟ್ಟಿಸಿ, 1369ರಲ್ಲಿ ಸಂಸ್ಕೃತದಲ್ಲಿ ಬರೆಸಿದ ಶಾಸನ ಅದು. ಸಾವಿರ ಆಳು ಎರಡು ವರ್ಷ ದುಡಿದ ಲೆಕ್ಕ ಅದರಲ್ಲಿದೆ. ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಕೆರೆಯನ್ನು ಕೆಡಿಸುವ ಆರು ದೋಷಗಳನ್ನೂ ಅದು ಹೇಳುತ್ತದೆ. ಏರಿಯಲ್ಲಿ ನೀರು ಜಿನುಗುವುದು, ಸವಳು ಮಣ್ಣು, ನಡುವೆ ಎದ್ದ ದಿಬ್ಬ, ನೀರಿಗೂ ನೆಲಕ್ಕೂ ಹೊಂದದ ಅಳತೆ: ಇವೆಲ್ಲ ಇಂದಿನ ಎಂಜಿನಿಯರ್ ಕೂಡ ಒಪ್ಪುವ ದೋಷಗಳು. ಆದರೆ ಆ ಆರರಲ್ಲಿ ಒಂದಕ್ಕೆ ಮಣ್ಣಿನ ಸಂಬಂಧವೇ ಇಲ್ಲ. ಎರಡು ರಾಜ್ಯಗಳ ಗಡಿಯಲ್ಲಿ ಕೆರೆ ಇರಬಾರದು ಎನ್ನುತ್ತದೆ ಶಾಸನ.

ಈ ದೋಷ ಇಂದು ನಗರದ ನಡುವೆಯೇ ಕಾಣುತ್ತದೆ. ಬೆಂಗಳೂರಿನ ಕೆರೆಯೊಂದರ ದಂಡೆ ಒಬ್ಬರ ಸುಪರ್ದಿ, ಅದಕ್ಕೆ ಸೇರುವ ಚರಂಡಿ ನೀರು ಜಲಮಂಡಳಿಯದು, ರಾಜಕಾಲುವೆ ಪಾಲಿಕೆಯದು, ನೊರೆ ಎದ್ದರೆ ಮಾಲಿನ್ಯ ನಿಯಂತ್ರಣ ಮಂಡಳಿಗೆ ದೂರು. ಅಗರದ ಕೋಡಿ ನೀರು ಬೆಳ್ಳಂದೂರಿಗೆ, ಅಲ್ಲಿಂದ ವರ್ತೂರಿಗೆ, ಮುಂದೆ ದಕ್ಷಿಣ ಪಿನಾಕಿನಿಗೆ. ನೀರು ಒಂದೇ, ಒಡೆಯರು ಹಲವರು. ಬೆಳ್ಳಂದೂರು ಕೆರೆಗೆ ಬೆಂಕಿ ಹತ್ತಿದ್ದನ್ನು ಲೋಕವೇ ನೋಡಿತು. 2022ರ ಸೆಪ್ಟೆಂಬರಿನಲ್ಲಿ ಹೊರವರ್ತುಲ ರಸ್ತೆ ಮುಳುಗಿ, ಐಟಿ ಉದ್ಯೋಗಿಗಳು ಟ್ರ್ಯಾಕ್ಟರ್ ಏರಿ ಕಚೇರಿಗೆ ಹೋದರು. ಗಡಿಯ ಕೆರೆ ಕೆಡುತ್ತದೆ ಎಂದು 650 ವರ್ಷದ ಹಿಂದೆ ಬರೆಸಿದವನು ಮಣ್ಣಿನ ಜೊತೆಗೆ ಆಡಳಿತವನ್ನೂ ಬಲ್ಲವನಾಗಿದ್ದ.

ಶಾಸನ ಬರೆದಿಟ್ಟದ್ದನ್ನು ಪುರಾಣ ನಡೆಸಿಕೊಂಡು ಬರುತ್ತದೆ. ಚೈತ್ರ ಪೂರ್ಣಿಮೆಯ ರಾತ್ರಿ ಬೆಂಗಳೂರಿನ ತಿಗಳರಪೇಟೆಯ ಧರ್ಮರಾಯಸ್ವಾಮಿ ಗುಡಿಯಿಂದ ದ್ರೌಪದಿಯ ಕರಗ ಹೊರಡುತ್ತದೆ. ತಿಮಿರಾಸುರನನ್ನು ಕೊಲ್ಲಲು ದ್ರೌಪದಿ ವೀರಕುಮಾರರನ್ನು ಸೃಷ್ಟಿಸಿದಳು, ಅವರಿಗೆ ಮಾತು ಕೊಟ್ಟಂತೆ ವರ್ಷಕ್ಕೊಮ್ಮೆ ಬಂದುಹೋಗುತ್ತಾಳೆ ಎಂಬುದು ತಿಗಳರ ನಂಬಿಕೆ.  ಈ ಕರಗಕ್ಕೆ ಮೊದಲಿನ ಹಸಿ ಕರಗದ ಶಾಸ್ತ್ರ ನಡೆಯುವುದು ಸಂಪಂಗಿ ಕೆರೆಯಲ್ಲಿ. ತಿಗಳರು ತೋಟಗಾರರು, ಆ ಕೆರೆಯೇ ಅವರ ತೋಟಗಳ ಜೀವವಾಗಿತ್ತು. 1890ರ ದಶಕದಲ್ಲಿ ಹೆಸರಘಟ್ಟದಿಂದ ಕೊಳವೆ ನೀರು ಬಂದ ಮೇಲೆ ಊರೊಳಗಿನ ಕೆರೆಗಳು ಒಂದೊಂದಾಗಿ ಬೇಡವಾದವು. ಧರ್ಮಾಂಬುಧಿಯ ಜಾಗದಲ್ಲಿ ಮೆಜೆಸ್ಟಿಕ್ ಬಸ್ ನಿಲ್ದಾಣ ಬಂತು, ಸಂಪಂಗಿಯ ಅಂಗಳದಲ್ಲಿ ಕಂಠೀರವ ಕ್ರೀಡಾಂಗಣ. ಆದರೂ ಆ ಶಾಸ್ತ್ರಕ್ಕೆಂದು ಪಕ್ಕದಲ್ಲೊಂದು ಪುಟ್ಟ ಹೊಂಡ ಉಳಿದುಕೊಂಡಿದೆ. ಕಂದಾಯದ ದಾಖಲೆ ಉಳಿಸಲಾರದ ನೀರನ್ನು ಒಂದು ಆಚರಣೆ ಅಷ್ಟರಮಟ್ಟಿಗೆ ಹಿಡಿದು ನಿಲ್ಲಿಸಿದೆ.

ಹಳೆಯದೆಲ್ಲ ಪೂಜ್ಯವಲ್ಲ. ಕೆರೆಗೆ ನೀರು ಬರಲೆಂದು ಕಿರಿಯ ಸೊಸೆ ಭಾಗೀರಥಿಯನ್ನು ಬಲಿಕೊಟ್ಟ ಕಥೆಯನ್ನು ಹಳ್ಳಿಯ ಹೆಂಗಸರು ಹಾಡುತ್ತ ಬಂದರು. ಕೆಂಪೇಗೌಡರ ಕೋಟೆಬಾಗಿಲು ನಿಲ್ಲಲೆಂದು ಸೊಸೆ ಲಕ್ಷ್ಮಮ್ಮ ಪ್ರಾಣ ಕೊಟ್ಟಳೆಂಬ ಐತಿಹ್ಯಕ್ಕೆ ಕೋರಮಂಗಲದಲ್ಲಿ ಸಮಾಧಿಯೇ ಇದೆ. ಇವನ್ನು ತ್ಯಾಗದ ಕಥೆಗಳೆಂದು ಮಕ್ಕಳಿಗೆ ಹೇಳಿ ಮುಗಿಸಬಾರದು. ಊರಿನ ಒಳಿತಿಗೆ ಬೆಲೆ ತೆರುವವರು ಯಾರು ಎಂಬ ಪ್ರಶ್ನೆ ಅವುಗಳಲ್ಲಿ ಇಂದಿಗೂ ಉರಿಯುತ್ತಿದೆ. ಕೆರೆಯ ತೂಬು ತೆಗೆದು ಗದ್ದೆಗದ್ದೆಗೆ ನೀರು ಹಂಚಿದ ನೀರುಗಂಟಿಗಳದ್ದೂ ಅಂಥದೇ ಕಥೆ. ಅವರಲ್ಲಿ ಹೆಚ್ಚಿನವರು ದಲಿತರು. ಹುಟ್ಟಿನಿಂದ ಬಂದ ಆ ಕಟ್ಟುಪಾಡು ಹೋದದ್ದು ನ್ಯಾಯವೇ. ಅವರ ಕೈಯಲ್ಲಿದ್ದ ತಿಳಿವಳಿಕೆಗೆ ಸಂಬಳವನ್ನೂ ಗೌರವವನ್ನೂ ಕೊಡುವ ಹೊಸ ವ್ಯವಸ್ಥೆ ಬಾರದಿದ್ದುದು ಮಾತ್ರ ದೊಡ್ಡ ನಷ್ಟ.

ಆ ತಿಳಿವಳಿಕೆ ಕೈತಪ್ಪಿದರೂ ಹಳೆಯ ಕಲ್ಲುಗಳನ್ನು ಉಳಿಸುವ ಕೆಲಸ ನಡೆದಿದೆ. ಬೆಂಗಳೂರಿನ ಹೆಬ್ಬಾಳದಲ್ಲಿ 2018ರಲ್ಲಿ ಚರಂಡಿ ಕಾಮಗಾರಿಯ ವೇಳೆ ಸಿಕ್ಕ ಕಿಟ್ಟಯ್ಯನ ವೀರಗಲ್ಲು ಸುಮಾರು ಕ್ರಿ.ಶ. 750ರದು. ಅದನ್ನು ಉಳಿಸಿಕೊಂಡವರು ಊರಿನ ಆಸಕ್ತರು. 1909ರಲ್ಲಿ ಹುಟ್ಟಿದ ಮಿಥಿಕ್ ಸೊಸೈಟಿ ಬೆಂಗಳೂರು ಸುತ್ತಲಿನ ಶಾಸನಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡುತ್ತಿದೆ. ಶಾಸನ ಸಂಗ್ರಾಹಕ ಬಿ.ಎಲ್. ರೈಸ್ ಕಾಲದಲ್ಲಿ ಕಾಗದಕ್ಕೆ ಇಳಿದ ಅಕ್ಷರ ಇಂದು ಫೋನಿನ ಪರದೆಯ ಮೇಲೆ ಸ್ಪಷ್ಟವಾಗಿ ಕಾಣುತ್ತದೆ. ಇನ್ನು ಅದು ಕೆರೆಯ ದಂಡೆಗೂ ಬರಬೇಕು.

ಇತಿಹಾಸದ ಅಧ್ಯಾಪಕರೂ ಸಂಶೋಧಕರೂ ಕೆರೆ ಉಳಿಸಲು ಓಡಾಡುತ್ತಿರುವವರೂ ಸೇರಿರುವ ಈ ಸಮ್ಮೇಳನ ಕೈಗೆತ್ತಿಕೊಳ್ಳಬಹುದಾದ ಕೆಲಸ ಅದೇ. ಶಾಸನ ಸಿಕ್ಕಿರುವ ಪ್ರತಿ ಕೆರೆಯ ಏರಿಯ ಮೇಲೂ ಅದರ ಪಾಠ ಹೊಸಗನ್ನಡದಲ್ಲಿ ನಿಲ್ಲಲಿ. ಕಟ್ಟಿಸಿದವರು ಯಾರು, ದುರಸ್ತಿಗೆ ಬಿಟ್ಟ ಭೂಮಿ ಯಾವುದು ಎಂಬುದರ ಕೆಳಗೆ, ಇಂದು ಆ ಕೆರೆಯ ತೂಬಿಗೆ, ಕಾಲುವೆಗೆ, ಹೂಳಿಗೆ ಹೊಣೆಯಾದ ಕಚೇರಿಯ ಹೆಸರನ್ನೂ ದೂರವಾಣಿ ಸಂಖ್ಯೆಯನ್ನೂ ಅಷ್ಟೇ ದಪ್ಪ ಅಕ್ಷರದಲ್ಲಿ ಬರೆಸಲು ಜಿಲ್ಲಾಡಳಿತಗಳನ್ನು ಒತ್ತಾಯಿಸೋಣ. ಠರಾವಿನ ಕರಡು ಮಧ್ಯಾಹ್ನದ ಗೋಷ್ಠಿಗೆ ಸಿದ್ಧವಿದೆ.