ಕಡಲ ಗಾಳಿಯಲ್ಲಿ ಹಬ್ಬುವ ಗುಲಾಬಿ

(ಸುವರ್ಣ ಮಹೋತ್ಸವದ ಹಳೆ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಸಾಫ್ಟ್‌ವೇರ್ ಕೆಲಸದವನಾದ್ದರಿಂದ ಕಂಪ್ಯೂಟರ್ ಬಗ್ಗೆ ಮಾತಾಡಿ ಎಂದು ಸಂಘಟಕರು ಹೇಳಿದ್ದರು. ಅದನ್ನು ನಿಮ್ಮ ಕೈಯಲ್ಲಿರುವ ಮೊಬೈಲೇ ದಿನವೂ ಹೇಳುತ್ತಿದೆ. ನಾನು ಅವರ ಅನುಮತಿ ಕೇಳಿ ಬೇರೆ ವಿಷಯ ಆರಿಸಿಕೊಂಡೆ. ಐದು ಸೆಂಟ್ಸ್ ಜಾಗದಲ್ಲಿ, ಸಮುದ್ರದಿಂದ ಕೂಗಳತೆ ದೂರದಲ್ಲಿ, ಪರಿಮಳದ ಗುಲಾಬಿಯನ್ನು ಗೋಡೆಗೆ ಹಬ್ಬಿಸುವುದು ಹೇಗೆ ಎಂಬುದು ನನ್ನ ವಿಷಯ. ಈ ಮಾತಿನ ಕೊನೆಯಲ್ಲಿ ನಿಮ್ಮಲ್ಲಿ ಒಂದು ಕೋರಿಕೆಯೂ ಇದೆ.

ಮೊದಲು ಒಂದು ಕೆಲಸ ಮಾಡೋಣ. ಅತಿಥಿಗಳಿಗೆ ಈಗ ಒಂದೊಂದು ಕೆಂಪು ಗುಲಾಬಿ ಕೊಟ್ಟಿದ್ದಾರೆ. ದಯವಿಟ್ಟು ಮೂಸಿ ನೋಡಿ. ಪರಿಮಳ ಇಲ್ಲ, ಅಲ್ಲವೇ? ಇದು ಹೂವಿನಂಗಡಿಯವರ ತಪ್ಪಲ್ಲ. ಬೆಂಗಳೂರು, ಹೊಸೂರು ಸುತ್ತಿನ ಪಾಲಿಹೌಸ್‌ಗಳಲ್ಲಿ ಬೆಳೆಯುವ ಈ ಹೂಗಳ ತಳಿಗಳನ್ನು ಉದ್ದ ದಂಟಿಗೆ, ಬಣ್ಣಕ್ಕೆ, ಹೆಚ್ಚು ದಿನ ಬಾಡದೆ ಇರುವ ಗುಣಕ್ಕೆಂದು ಆರಿಸುತ್ತಾ ಬಂದರು. ಆ ದಾರಿಯಲ್ಲಿ ಪರಿಮಳ ಬಿಟ್ಟುಹೋಯಿತು. 2015ರಲ್ಲಿ ಫ್ರಾನ್ಸಿನ ವಿಜ್ಞಾನಿಗಳು ಪರಿಮಳ ಇರುವ ಮತ್ತು ಇಲ್ಲದ ಎರಡು ಗುಲಾಬಿ ತಳಿಗಳನ್ನು ಹೋಲಿಸಿ ನೋಡಿದರು. ಪರಿಮಳದ ಒಂದು ಮುಖ್ಯ ಅಂಶ ಜೆರೇನಿಯಾಲ್. ಅದು ತಯಾರಾಗಲು ಬೇಕಾದ ಒಂದು ಕಿಣ್ವದ ಜೀನ್, ಪರಿಮಳವಿಲ್ಲದ ಹೂವಿನಲ್ಲಿ ಹೆಚ್ಚುಕಡಿಮೆ ಸುಮ್ಮನೆ ಕುಳಿತಿತ್ತು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಪ್ರೋಗ್ರಾಂ ಇದೆ, ಆದರೆ ಓಡುತ್ತಿಲ್ಲ.

ಹಾಗಾಗಿ ಮೊದಲ ಪ್ರಶ್ನೆ ಯಾವ ಗಿಡ ನೆಡಬೇಕು ಎಂಬುದು. ನಮ್ಮ ಮನೆಯಲ್ಲಿರುವುದು ಪನ್ನೀರು ಗುಲಾಬಿ. ನರ್ಸರಿಯವರು ಎಡ್ವರ್ಡ್ ಎನ್ನುತ್ತಾರೆ. ನಸುಗೆಂಪು ಹೂವು, ತೆಳು ಎಸಳು, ಒಂದೇ ದಿನದ ಬಾಳು. ಆದರೆ ಬೆಳಿಗ್ಗೆ ಒಂದು ಹೂವು ಅರಳಿದರೆ ಜಗಲಿಯಲ್ಲಿ ಕುಳಿತವರಿಗೆ ಗೊತ್ತಾಗುತ್ತದೆ. ಇದು ಬೂರ್ಬೋನ್ ಎಂಬ ಗುಲಾಬಿ ಕುಲಕ್ಕೆ ಸೇರಿದ್ದು. ಹಿಂದೂ ಮಹಾಸಾಗರದಲ್ಲಿ ಇಂದು ರೀಯೂನಿಯನ್ ಎನ್ನುವ ದ್ವೀಪಕ್ಕೆ ಹಿಂದೆ ಬೂರ್ಬೋನ್ ಎಂಬ ಹೆಸರಿತ್ತು. ಅಲ್ಲಿಯ ರೈತರು ಬೇಲಿಗೆಂದು ಚೀನಾದ ಗುಲಾಬಿ ಮತ್ತು ಡಮಾಸ್ಕ್ ಗುಲಾಬಿ ಎರಡನ್ನೂ ನೆಡುತ್ತಿದ್ದರು. ಅವೆರಡೂ ತಾವಾಗಿ ಕೂಡಿ ಹುಟ್ಟಿದ ಸಸಿಯಿಂದ 19ನೇ ಶತಮಾನದ ಆರಂಭದಲ್ಲಿ ಈ ಕುಲ ಬೆಳೆಯಿತು. 1966ರಲ್ಲಿ ಆ ದ್ವೀಪದಲ್ಲಿ ಒಂದೇ ದಿನಕ್ಕೆ 1800 ಮಿ.ಮೀ.ಗಿಂತ ಹೆಚ್ಚು ಮಳೆ ಸುರಿದು ಜಾಗತಿಕ ದಾಖಲೆಯಾಗಿದೆ. ಗುಲಾಬಿ ಘಟ್ಟದ ಮೇಲಿನವರ ಗಿಡ, ಕರಾವಳಿಗೆ ಆಗದು ಎನ್ನುವವರಿಗೆ ನಾನು ಈ ಕತೆ ಹೇಳುತ್ತೇನೆ. ಇದರ ಮೂಲವೇ ಕಡಲ ನಡುವೆ.

ಹಾಗೆಂದು ನಮ್ಮ ಕಷ್ಟ ಸಣ್ಣದಲ್ಲ. ನಮ್ಮಲ್ಲಿ ವರ್ಷಕ್ಕೆ ಸುಮಾರು 4000 ಮಿ.ಮೀ. ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಗುಲಾಬಿಯ ದೊಡ್ಡ ಶತ್ರು ಕಪ್ಪುಚುಕ್ಕೆ ರೋಗ. ಎಲೆ ಸುಮಾರು ಏಳು ತಾಸು ಒದ್ದೆಯಾಗಿಯೇ ಇದ್ದರೆ ಆ ಶಿಲೀಂಧ್ರ ಒಳಗೆ ಹೊಕ್ಕುತ್ತದೆ. ಆದ್ದರಿಂದ ಜಾಗ ಆರಿಸುವಾಗ ಪೂರ್ವಕ್ಕೆ ಮುಖ ಮಾಡಿದ ಗೋಡೆ ಉತ್ತಮ. ಬೆಳಗಿನ ಬಿಸಿಲಿಗೆ ಎಲೆಯ ನೀರು ಬೇಗ ಆರುತ್ತದೆ. ಪಡುವಣದಿಂದ ಬರುವ ಉಪ್ಪುಗಾಳಿಯನ್ನು ಮನೆಯೇ ತಡೆಯುತ್ತದೆ. ಒಂದೇ ಗೋಡೆಯಿಂದ ಎರಡು ಲಾಭ.

ಎರಡನೆಯದು ಮಣ್ಣು. ನಮ್ಮ ಮುರಕಲ್ಲಿನ ಮಣ್ಣು ಹುಳಿ ಮಣ್ಣು, ಕಡಲಬದಿಯಲ್ಲಿ ಬರೀ ಹೊಯಿಗೆ. ಎರಡರಲ್ಲೂ ಗೊಬ್ಬರ ನಿಲ್ಲುವುದಿಲ್ಲ, ಮಳೆಯೊಂದಿಗೆ ಇಳಿದುಹೋಗುತ್ತದೆ. ಎರಡು ಅಡಿ ಉದ್ದ, ಅಗಲ, ಆಳದ ಗುಂಡಿ ತೆಗೆಯಿರಿ. ಗೋಡೆಯಿಂದ ಒಂದೂವರೆ ಅಡಿ ದೂರವಿರಲಿ. ಇಲ್ಲದಿದ್ದರೆ ಮಾಡಿನ ನೀರು ನೇರ ಬುಡಕ್ಕೆ ಬೀಳುತ್ತದೆ. ತಳಕ್ಕೆ ತೆಂಗಿನ ಸಿಪ್ಪೆ ಹರವಿ. ಮೇಲೆ ಒಳ್ಳೆಯ ಮಣ್ಣು, ಹಳೆಯ ಹಟ್ಟಿಗೊಬ್ಬರ, ನಮ್ಮ ಹಿರಿಯರು ಮಾಡುತ್ತಿದ್ದ ಸುಡುಮಣ್ಣು, ಎರಡು ಹಿಡಿ ಬೇವಿನ ಹಿಂಡಿ ಸೇರಿಸಿ. ಹುಳಿ ತಗ್ಗಿಸಲು ಒಂದು ಹಿಡಿ ಕೃಷಿ ಸುಣ್ಣವನ್ನು ಕೆಲವು ವಾರ ಮೊದಲೇ ಮಣ್ಣಿಗೆ ಬೆರೆಸಿಡಿ. ಬುಡ ಅಂಗಳಕ್ಕಿಂತ ಅರ್ಧ ಅಡಿ ಎತ್ತರದಲ್ಲಿರಲಿ. ನೀರು ನಿಂತರೆ ಗುಲಾಬಿ ಉಳಿಯುವುದಿಲ್ಲ.

ಮೂರನೆಯದು ಹಬ್ಬಿಸುವ ಕ್ರಮ. ಮಕ್ಕಳು ಇದನ್ನು ಗಮನವಿಟ್ಟು ಕೇಳಬೇಕು. ತೊಂಡೆಬಳ್ಳಿಯಂತೆ ಗುಲಾಬಿಗೆ ಕುಡಿಬಳ್ಳಿ ಇಲ್ಲ. ಅದು ತಾನಾಗಿ ಹಿಡಿದುಕೊಳ್ಳುವುದಿಲ್ಲ, ನಾವೇ ಕಟ್ಟಬೇಕು. ಪನ್ನೀರು ಗುಲಾಬಿ ಪೂರ್ತಿ ಬಳ್ಳಿಯೂ ಅಲ್ಲ. ಆದರೆ ಆರೇಳು ಅಡಿ ಉದ್ದದ, ಬಾಗುವ ಗೆಲ್ಲು ಬಿಡುತ್ತದೆ. ಗೋಡೆಗೆ ಒಂದೂವರೆ ಅಡಿಗೊಂದರಂತೆ ಅಡ್ಡ ತಂತಿ ಎಳೆಯಿರಿ. ಗೋಡೆಗೂ ತಂತಿಗೂ ನಡುವೆ ನಾಲ್ಕು ಬೆರಳು ಜಾಗವಿದ್ದರೆ ಗಾಳಿ ಆಡುತ್ತದೆ. ಮಾಮೂಲಿ ಕಬ್ಬಿಣದ ತಂತಿ ಉಪ್ಪುಗಾಳಿಗೆ ಎರಡು ವರ್ಷವೂ ಬಾಳುವುದಿಲ್ಲ. ಪ್ಲಾಸ್ಟಿಕ್ ಹೊದಿಕೆಯ ತಂತಿ ಅಥವಾ ಮೀನುಗಾರರ ಹಳೆಯ ನೈಲಾನ್ ಹಗ್ಗ ಸಾಕು.

ಗೆಲ್ಲನ್ನು ನೇರ ಮೇಲಕ್ಕೆ ಕಟ್ಟಿದರೆ ತುದಿಯಲ್ಲಿ ನಾಲ್ಕು ಹೂವು ಬಿಡುತ್ತದೆ, ಅಷ್ಟೆ. ಅದೇ ಗೆಲ್ಲನ್ನು ಮೆಲ್ಲಗೆ ಬಾಗಿಸಿ ಅಡ್ಡಲಾಗಿ ಕಟ್ಟಿದರೆ ಪ್ರತಿ ಗಂಟಿನಿಂದಲೂ ಚಿಗುರು ಎದ್ದು ಪ್ರತಿ ಚಿಗುರಿನಲ್ಲೂ ಮೊಗ್ಗು ಬರುತ್ತದೆ. ಕಾರಣ ನಿಮ್ಮ ವಿಜ್ಞಾನ ಪಾಠದ ಆಕ್ಸಿನ್. ತುದಿಮೊಗ್ಗಿನಲ್ಲಿ ತಯಾರಾಗುವ ಈ ಹಾರ್ಮೋನ್ ಕೆಳಗೆ ಇಳಿಯುತ್ತಾ ಪಕ್ಕದ ಮೊಗ್ಗುಗಳನ್ನು ಅಡಗಿಸಿಡುತ್ತದೆ. ಗೆಲ್ಲು ಮಲಗಿದಾಗ ತುದಿಯ ಈ ಯಜಮಾನಿಕೆ ಸಡಿಲಾಗುತ್ತದೆ, ಅಡಗಿದ್ದವು ಏಳುತ್ತವೆ. ಪುಸ್ತಕದಲ್ಲಿ ಎರಡು ಅಂಕದ ಪ್ರಶ್ನೆಯಾಗಿದ್ದದ್ದನ್ನು ಗೋಡೆಯ ಮೇಲೆ ನೋಡುವುದೇ ಒಂದು ಖುಷಿ.

ಇನ್ನು ವರ್ಷದ ಲೆಕ್ಕ. ಮಳೆಗಾಲಕ್ಕೆ ಮೊದಲು ಬುಡದಿಂದ ಒಂದು ಅಡಿವರೆಗಿನ ಎಲೆ ತೆಗೆಯಿರಿ. ಮಣ್ಣಿನಿಂದ ಸಿಡಿಯುವ ಹನಿಯೇ ರೋಗ ತರುವುದು. ತೋಟಕ್ಕೆ ಕೊಳೆರೋಗದ ಮದ್ದು ಬಿಡುವ ದಿನ ಶೇಕಡಾ 1ರ ಅದೇ ಬೋರ್ಡೋ ದ್ರಾವಣವನ್ನು ಒಂದಿಷ್ಟು ಈ ಗಿಡಕ್ಕೂ ಹೊಡೆಯಿರಿ. ಮದ್ದು ಹೊಡೆದ ಹೂವಿನ ಎಸಳನ್ನು ಗುಲ್ಕಂದ್‌ಗೆ ಬಳಸಬೇಡಿ. ಮಳೆಯಲ್ಲಿ ಎಲೆ ಉದುರಿ ಗಿಡ ಬೋಳಾದರೆ ಹೆದರಬೇಡಿ. ಸವರುವುದು ಮಳೆ ನಿಂತ ಮೇಲೆ, ಅಕ್ಟೋಬರ್‌ನಲ್ಲಿ. ಒಣಗಿದ ಗೆಲ್ಲನ್ನು ಹಸಿರು ಕಾಣುವವರೆಗೆ ಕತ್ತರಿಸಿ, ಗಾಯಕ್ಕೆ ಬೋರ್ಡೋ ಮುಲಾಮು ಹಚ್ಚಿ, ಹೊಸ ಗೆಲ್ಲುಗಳನ್ನು ಅಡ್ಡಕ್ಕೆ ಕಟ್ಟಿ, ಬುಡಕ್ಕೆ ಗೊಬ್ಬರ ಕೊಡಿ. ಚಳಿ ಬೀಳುವ ಹೊತ್ತಿಗೆ ಹೂವು ಶುರು. ಕತ್ತರಿಸಿದ ಪೆನ್ಸಿಲ್ ದಪ್ಪದ ಕಡ್ಡಿ ಎಸೆಯಬೇಡಿ. ಎಂಟು ಇಂಚಿನ ತುಂಡು ನೆಟ್ಟರೆ ಸುಲಭವಾಗಿ ಬೇರು ಬಿಡುತ್ತದೆ. ಇನ್ನು ಏಪ್ರಿಲ್, ಮೇ. ಬಾವಿಯ ನೀರು ತಳ ಕಾಣುವ ಕಾಲ. ಬುಡಕ್ಕೆ ದಪ್ಪಗೆ ಸೊಪ್ಪು, ತರಗೆಲೆ ಮುಚ್ಚಿ, ಎರಡು ದಿನಕ್ಕೊಂದು ಕೊಡ ನೀರು ಕೊಟ್ಟರೆ ಸಾಕು. ಆದರೆ ಅದು ತಪ್ಪಬಾರದು.

ಇಷ್ಟೆಲ್ಲ ಹೇಳಿದ ನಾನು ಊರಿಗೆ ಬರುವುದು ವರ್ಷಕ್ಕೆ ಮೂರು ನಾಲ್ಕು ಸಲ. ಗಿಡ ತಂದವನು, ಗುಂಡಿ ತೋಡಿದವನು, ತಂತಿ ಎಳೆದವನು ನಾನು. ಉಳಿಸಿದವರು ನಮ್ಮ ಅಮ್ಮ. ಅಪ್ಪ ತೀರಿಕೊಂಡ ಮೇಲೆ ಅಮ್ಮನನ್ನು ಬೆಂಗಳೂರಿಗೆ ಕರೆದಾಗಲೆಲ್ಲ, "ನಾನು ಬಂದರೆ ಗಿಡಕ್ಕೆ ನೀರು ಹಾಕುವವರು ಯಾರು ಮಗಾ?" ಎನ್ನುತ್ತಾರೆ. ಮೊದಮೊದಲು ಅದು ನೆಪ ಎಂದುಕೊಂಡಿದ್ದೆ. ಈಗ ದಿನವೂ ಬೆಳಿಗ್ಗೆ ಫೋನಿನಲ್ಲಿ ಎಷ್ಟು ಹೂವು ಬಿಟ್ಟಿತು, ಯಾರ ಮನೆಗೆ ಕೊಟ್ಟೆ ಎಂಬ ವರದಿ ಬರುತ್ತದೆ. ಒಂದು ದಿನ ಆ ಲೆಕ್ಕ ಬಾರದಿದ್ದರೆ ಅಮ್ಮನಿಗೆ ಹುಷಾರಿಲ್ಲ ಎಂದು ನನಗೆ ತಿಳಿಯುತ್ತದೆ. ದೂರದಲ್ಲಿ ಮಕ್ಕಳಿರುವ ಈ ಊರಿನ ಎಷ್ಟೋ ಮನೆಗಳಿಗೆ ಈ ಮಾತು ಅರ್ಥವಾದೀತು.

ಈಗ ಕೋರಿಕೆ. ನಾವು ಹಳೆ ವಿದ್ಯಾರ್ಥಿಗಳು ಶಾಲೆಗೆ ಫ್ಯಾನು, ಪ್ರೊಜೆಕ್ಟರು, ಬಣ್ಣ ಕೊಟ್ಟಿದ್ದೇವೆ. ಅವೆಲ್ಲ ಒಂದು ಸಲ ಹಣ ಕೊಟ್ಟರೆ ಆಗುವ ಕೆಲಸ. ಗಿಡ ಹಾಗಲ್ಲ, ಅದಕ್ಕೆ ಹತ್ತಿರ ಇರುವವರು ಬೇಕು. ಅಮ್ಮನ ಗಿಡದಿಂದ ಬೇರು ಬರಿಸಿದ ಎಂಟು ಸಸಿಗಳನ್ನು ಇಂದು ತಂದಿದ್ದೇನೆ. ಗೇಟಿನ ಬಲಬದಿಯ ಕಾಂಪೌಂಡ್ ಗೋಡೆಯ ಒಳಮುಖ ಪೂರ್ವಕ್ಕಿದೆ, ಮುಖ್ಯೋಪಾಧ್ಯಾಯರು ಒಪ್ಪಿದ್ದಾರೆ. ತಂತಿ, ಗೊಬ್ಬರದ ಖರ್ಚು ನಮ್ಮ ಬ್ಯಾಚಿನದ್ದು. ಶಾಲೆ ನಡೆಯುವಾಗ ಒಂಬತ್ತನೆಯ ತರಗತಿಯವರು ನೋಡಿಕೊಳ್ಳುತ್ತಾರೆ. ರಜೆಯ ಏಪ್ರಿಲ್, ಮೇ ತಿಂಗಳಿಗೆ ಮಾತ್ರ ಶಾಲೆಯ ಸುತ್ತಲಿನ ಎಂಟು ಮನೆಯವರು ಒಂದೊಂದು ಗಿಡಕ್ಕೆ ನೀರು ಕೊಡುವ ಹೊಣೆ ಹೊರಬೇಕು. ಬಾಗಿಲ ಬಳಿ ಒಂದು ಪುಸ್ತಕ ಇಟ್ಟಿದ್ದೇವೆ. ದಯವಿಟ್ಟು ಹೋಗುವಾಗ ಹೆಸರು ಬರೆಯಿರಿ.

ಬರುವ ವರ್ಷ ಸ್ವಾತಂತ್ರ್ಯ ದಿನಕ್ಕೆ ಹೂವು ಸಿಗದು, ಅದು ಮಳೆಗಾಲ. ಆದರೆ ಗಣರಾಜ್ಯೋತ್ಸವಕ್ಕೆ ಧ್ವಜದೊಳಗೆ ಇಡುವ ಎಸಳು ಪೇಟೆಯಿಂದ ತರಬೇಕಾಗಿಲ್ಲ. ಸಸಿಗಳು ಮಾವಿನ ಮರದ ಬುಡದಲ್ಲಿವೆ. ಊಟ ಮುಗಿಸಿ, ಕೈಗೆ ಹಾರೆ ಸಿಕ್ಕವರು ಅಲ್ಲಿಗೆ ಬನ್ನಿ.