ಕೆಲಸ ಕಂತ್ರಾಟಿಗೆ, ಹೊಣೆ ಯಾರಿಗೆ?

(ಸಂಘದ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ನಾನು ಭಾಷಣಕಾರನಲ್ಲ. ಏಳನೆಯ ತರಗತಿ ಮುಗಿಸಿ ಊರು ಬಿಟ್ಟವನು. ಹೋಟೆಲಿನಲ್ಲಿ ಲೋಟ ತೊಳೆದು, ಟೇಬಲು ಒರಸಿ, ಬಳಿಕ ಸಂಘಟನೆಗೆ ಇಳಿದವನು. ಮಾತಿನಲ್ಲಿ ತಪ್ಪಿದ್ದರೆ ತಿದ್ದಿಕೊಳ್ಳಬೇಕಾಗಿ ಪ್ರಾರ್ಥನೆ. ಸಂಬಳ, ರಜೆಯ ಮಾತು ಬಿಟ್ಟು ಇವನೇಕೆ ರಸ್ತೆ, ಚರಂಡಿ ಎನ್ನುತ್ತಾನೆಂದು ತಮಗೆ ಅನಿಸಬಹುದು. ಅದರ ಕಾರಣವನ್ನು ಮೊದಲು ಹೇಳಿಬಿಡುತ್ತೇನೆ.

ಕೆಲವು ವರ್ಷಗಳ ಹಿಂದಿನ ಒಂದು ಮಳೆಗಾಲ. ನನ್ನ ಜೊತೆ ಒಂದೇ ಖೋಲಿಯಲ್ಲಿದ್ದ ಅಡಿಗೆಯವನೊಬ್ಬ ಹೋಟೆಲು ಮುಚ್ಚಿ ರಾತ್ರಿ ಹನ್ನೆರಡೂವರೆಗೆ ನಡೆದು ಬರುತ್ತಿದ್ದ. ಉಪನಗರದ ಆ ರಸ್ತೆಯಲ್ಲಿ ಕಂದಕ ತೋಡಿದ್ದರು. ದೀಪವಿಲ್ಲ, ಹಲಗೆಯಿಲ್ಲ, ಅಡ್ಡಗಟ್ಟೆಯಿಲ್ಲ. ನೀರು ತುಂಬಿ ಕಂದಕವೂ ರಸ್ತೆಯೂ ಒಂದೇ ಆಗಿತ್ತು. ಬಿದ್ದವನ ಕಾಲು ಮುರಿಯಿತು. ಮೂರು ತಿಂಗಳು ಕೆಲಸವಿಲ್ಲ, ಸಂಬಳವಿಲ್ಲ. ಊರಿಗೆ ಕಳುಹಿಸುವ ಹಣವೂ ನಿಂತಿತು.

ನಾನು ವಿಚಾರಿಸಲು ಹೋದೆ. ಮೊದಲ ಕಚೇರಿಯವರು "ಆ ರಸ್ತೆ ನಮ್ಮದಲ್ಲ" ಎಂದರು. ಎರಡನೆಯ ಕಚೇರಿಯವರು "ರಸ್ತೆ ನಮ್ಮದೇ, ಅಗೆದದ್ದು ಕಂತ್ರಾಟುದಾರ" ಎಂದರು. ಕಂತ್ರಾಟುದಾರನ ಮನುಷ್ಯ "ನಾವು ಅದನ್ನು ಇನ್ನೊಬ್ಬನಿಗೆ ಒಳಕಂತ್ರಾಟು ಕೊಟ್ಟಿದ್ದೇವೆ" ಎಂದ. ಕೊನೆಗೆ ಕಂದಕದ ಬಳಿಗೇ ಹೋದೆ. ಅಗೆಯುತ್ತಿದ್ದವನು ನಮ್ಮ ಯಾದಗಿರಿ ಕಡೆಯವನು. ನಾನು ಸಿಟ್ಟಿನಿಂದ ಕನ್ನಡದಲ್ಲಿ ಎರಡು ಮಾತು ಆಡಿದೆ. ಅವನು ಗುದ್ದಲಿ ನಿಲ್ಲಿಸಿ, "ಅಣ್ಣಾ, ಕಂದೀಲು ಹಚ್ಚಂತ ನಮಗ ಯಾರೂ ಹೇಳಿಲ್ಲ. ಎರಡು ವಾರದ ಪಗಾರನೂ ಬಂದಿಲ್ಲರೀ" ಎಂದ.

ನನ್ನ ಸಿಟ್ಟು ಅಲ್ಲಿಯೇ ಇಳಿಯಿತು. ಕಂದಕಕ್ಕೆ ಬಿದ್ದವನೂ ಕನ್ನಡಿಗ ಕೂಲಿ, ಕಂದಕ ತೋಡಿದವನೂ ಕನ್ನಡಿಗ ಕೂಲಿ. ಇಬ್ಬರಿಗೂ ಉತ್ತರ ಕೊಡತಕ್ಕವನು ಮಾತ್ರ ಯಾರೂ ಇಲ್ಲ. ಇದಕ್ಕಾಗಿಯೇ ಇದು ಕಾರ್ಮಿಕರ ವಿಷಯ.

ನಮ್ಮ ಹೋಟೆಲಿನ ಲೆಕ್ಕದಲ್ಲಿ ನೋಡೋಣ. ಧಣಿಯು ಇಡ್ಲಿ ಹಿಟ್ಟನ್ನು ಹೊರಗಿನವನಿಂದ ತರಿಸುತ್ತಾನೆ. ಹಿಟ್ಟು ಹುಳಿಯಾದರೆ ಗಿರಾಕಿ ಯಾರನ್ನು ಕೇಳುತ್ತಾನೆ? ಗಲ್ಲೆಯಲ್ಲಿ ಕುಳಿತವನನ್ನು. "ಹಿಟ್ಟಿನವನನ್ನು ಕೇಳಿ" ಎಂದು ಯಾವ ಧಣಿಯೂ ಹೇಳುವಂತಿಲ್ಲ. ಕೆಲಸವನ್ನು ಹೊರಗೆ ಕೊಡಬಹುದು, ಹೊಣೆಯನ್ನು ಹೊರಗೆ ಕೊಡಲಾಗದು. ನಾನು ಇಂದು ಹೇಳಬಯಸುವುದು ಇಷ್ಟೇ.

ಈಗ ಪಾಲಿಕೆಯ ಕೆಲಸ ಹೇಗೆ ನಡೆಯುತ್ತದೆಂದು ತಿಳಿಯೋಣ. ಮೊದಲು ಇಂಜಿನಿಯರರು ಅಂದಾಜು ಮಾಡುತ್ತಾರೆ. ಬಳಿಕ ಟೆಂಡರು ಕರೆಯುತ್ತಾರೆ. ಅರ್ಹರಲ್ಲಿ ಕಡಿಮೆ ದರ ಹೇಳಿದವನಿಗೆ ಕೆಲಸ. ದೊಡ್ಡ ಕಂತ್ರಾಟುಗಳಿಗೆ ಸ್ಥಾಯೀ ಸಮಿತಿಯ ಒಪ್ಪಿಗೆ ಬೇಕು. ಕೆಲಸ ನಡೆದಂತೆ ಅಳತೆ ಪುಸ್ತಕದಲ್ಲಿ ಉದ್ದ, ಅಗಲ, ದಪ್ಪ ಬರೆಯಬೇಕು. ಆ ಪುಸ್ತಕದ ಆಧಾರದಲ್ಲಿ ಬಿಲ್ಲು. ಕಂತ್ರಾಟುದಾರನ ಠೇವಣಿ ಪಾಲಿಕೆಯಲ್ಲಿರುತ್ತದೆ. ಕೆಲಸ ಮುಗಿದ ಮೇಲೂ ಇಂತಿಷ್ಟು ವರ್ಷ ಕೆಟ್ಟರೆ ಅವನೇ ತನ್ನ ಖರ್ಚಿನಲ್ಲಿ ಸರಿಮಾಡಬೇಕು. ಇದಕ್ಕೆ ದೋಷ ಹೊಣೆಯ ಅವಧಿ ಎನ್ನುತ್ತಾರೆ. ಕಾಗದದಲ್ಲಿ ಎಲ್ಲವೂ ಚೆನ್ನಾಗಿದೆ.

ಸೋರುವುದು ಎಲ್ಲಿ? ಒಂದನೆಯದು ದರದಲ್ಲಿ. ನೂರು ರೂಪಾಯಿ ಅಂದಾಜಿನ ಕೆಲಸವನ್ನು ಒಬ್ಬನು ಎಪ್ಪತ್ತಕ್ಕೆ ಒಪ್ಪಿಕೊಂಡರೆ ಉಳಿದ ಮೂವತ್ತು ಎಲ್ಲಿಂದ ಬರಬೇಕು? ಒಂದೋ ಅಂದಾಜೇ ತಪ್ಪು, ಇಲ್ಲವೇ ಡಾಂಬರಿನ ದಪ್ಪದಿಂದ ಬರಬೇಕು, ಇಲ್ಲವೇ ಕೂಲಿಯ ಪಗಾರದಿಂದ ಬರಬೇಕು. ಎರಡನೆಯದು ಅಳತೆಯಲ್ಲಿ. ಹಾಲಿನವನು ತಾನೇ ಅಳೆದು, ತಾನೇ ವಹಿಯಲ್ಲಿ ಬರೆದು, ಮೇಲ್ವಿಚಾರಕ ಬರಿದೇ ಸಹಿ ಹಾಕಿದರೆ ಚಹಾ ಹೇಗಿರುತ್ತದೆಂದು ತಮಗೆ ಗೊತ್ತು. ಮೂರನೆಯದು ಪರೀಕ್ಷೆಯಲ್ಲಿ.

ಇವು ಊಹೆಯ ಮಾತುಗಳಲ್ಲ. 2016ರಲ್ಲಿ ಮುಂಬಯಿ ಮಹಾನಗರಪಾಲಿಕೆಯೇ ತನ್ನ 34 ರಸ್ತೆಗಳ ಕೆಲಸವನ್ನು ತನಿಖೆ ಮಾಡಿಸಿತು. ಲೋಪಗಳು ಹೊರಬಂದು ಕಂತ್ರಾಟುದಾರರ ಮೇಲೆ ಪೊಲೀಸು ದೂರು ದಾಖಲಾಯಿತು. ಕೆಲಸ ಸರಿಯಿದೆಯೇ ಎಂದು ನೋಡಲು ನೇಮಿಸಿದ ಹೊರಗಿನ ಪರೀಕ್ಷಕರ ಕಡೆಯವರೂ ಬಂಧಿತರಾದರು. ಅಂದರೆ ಕಾವಲಿಗಿಟ್ಟವನ ಮೇಲೆಯೇ ದೂರು.

2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲ್ಲಿಮೀಟರು ಮಳೆ ಬಿತ್ತು, ಮಿಠಿ ನದಿ ಉಕ್ಕಿತು. ನಮ್ಮಲ್ಲಿ ಹಿರಿಯರಾದವರು ಆ ರಾತ್ರಿಯನ್ನು ಮರೆಯಲಾರರು. ಆ ಮೇಲೆ ನದಿಯ ಹೂಳೆತ್ತಲು ವರ್ಷ ವರ್ಷವೂ ಕಂತ್ರಾಟು ಹೋಯಿತು. 2025ರ ಮೇ ತಿಂಗಳಲ್ಲಿ ಪೊಲೀಸರು ಈ ಹೂಳಿನ ಕೆಲಸದಲ್ಲಿ ಪಾಲಿಕೆಗೆ ಸುಮಾರು 65 ಕೋಟಿ ರೂಪಾಯಿ ನಷ್ಟವಾಗಿದೆಯೆಂದು ಮೊಕದ್ದಮೆ ಹೂಡಿದರು. ಹೂಳು ಸುರಿದ ಜಾಗದ ಕಾಗದಗಳೇ ಸುಳ್ಳೆಂಬುದು ಒಂದು ಆರೋಪ. ನಿಜವೋ ಅಲ್ಲವೋ ನ್ಯಾಯಾಲಯ ತೀರ್ಮಾನಿಸಲಿ. ಆದರೆ ನೀರಿನ ಅಡಿಯಲ್ಲಿದ್ದ ಕೆಸರನ್ನು ಯಾರು ಅಳೆದರು ಎಂಬ ಪ್ರಶ್ನೆ ನಮ್ಮದು.

2019ರ ಮಾರ್ಚ್ 14ರ ಸಂಜೆ ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್ಸಿನ ಬಳಿಯ ಪಾದಚಾರಿ ಸೇತುವೆ ಕುಸಿಯಿತು. ಆ ಸಂಜೆ ಆರು ಮಂದಿ ಸತ್ತರು. ಅವರಲ್ಲಿ ಮೂವರು ಸಮೀಪದ ಸರಕಾರಿ ಆಸ್ಪತ್ರೆಯ ಸಿಬ್ಬಂದಿ. ನಮ್ಮಂತೆಯೇ ದುಡಿದು ತಿನ್ನುವವರು. ಆ ಸೇತುವೆಯನ್ನು ಹೊರಗಿನ ಪರೀಕ್ಷಕರು ನೋಡಿ, ಸಣ್ಣಪುಟ್ಟ ದುರಸ್ತಿ ಮಾಡಿದರೆ ಸಾಕು ಎಂದು ವರದಿ ಕೊಟ್ಟಿದ್ದರು. ಆ ಪರೀಕ್ಷಕನನ್ನು ಸೇತುವೆ ಬಿದ್ದ ಮೇಲೆ ಬಂಧಿಸಲಾಯಿತು. ಸತ್ತವರಿಗೆ ಅದರಿಂದ ಏನು ಬಂತು?

ಕಂತ್ರಾಟು ಪದ್ಧತಿಯೇ ಪಾಪವೆಂದು ನಾನು ಹೇಳುವುದಿಲ್ಲ. ದೊಡ್ಡ ಸೇತುವೆ ಕಟ್ಟಲು ಬೇಕಾಗುವ ಯಂತ್ರ, ನುರಿತವರು ಪಾಲಿಕೆಯಲ್ಲಿ ಸದಾ ಇರಬೇಕಾಗಿಲ್ಲ. ಪಾಲಿಕೆ ಮನಸ್ಸು ಮಾಡಿದರೆ ಬಿಗಿಯೂ ಮಾಡಬಲ್ಲದು. 2023ರ ಆರಂಭದಲ್ಲಿ ಸುಮಾರು 400 ಕಿಲೋಮೀಟರು ರಸ್ತೆಗೆ ಕಾಂಕ್ರೀಟು ಹಾಕಲು ಸುಮಾರು 6,000 ಕೋಟಿ ರೂಪಾಯಿಯ ಕೆಲಸ ಕೊಟ್ಟಾಗ, ದೋಷ ಹೊಣೆಯ ಅವಧಿಯನ್ನು 10 ವರ್ಷವೆಂದು ಇಟ್ಟರು. ನಗರ ಭಾಗದ ಕೆಲಸ ಹಿಡಿದವನು ಮುಂದೆ ಸಾಗದಿದ್ದಾಗ ಅದೇ ವರ್ಷ ಅವನ ಕಂತ್ರಾಟನ್ನು ರದ್ದುಮಾಡಿದರು. ಇದನ್ನು ಒಪ್ಪಿಕೊಳ್ಳಬೇಕು.

ಆದರೆ ದಿನದಿನದ ಕೆಲಸದ ಮಾತು ಬೇರೆ. ಕಸ ಎತ್ತುವುದು, ಗಟಾರ ತೆಗೆಯುವುದು, ಗುಂಡಿ ಮುಚ್ಚುವುದು ವರ್ಷದ 365 ದಿನವೂ ಇರತಕ್ಕ ಕೆಲಸ. ಕೆಲಸ ಕಾಯಂ ಇದ್ದ ಮೇಲೆ ಕೆಲಸಗಾರ ಹಂಗಾಮಿ ಏಕೆ? ಕಚರಾ ವಾಹತೂಕ ಶ್ರಮಿಕ ಸಂಘದವರು ಈ ಪ್ರಶ್ನೆಯನ್ನು ಹಿಡಿದು ಹೋರಾಡಿದರು. ಕೈಗಾರಿಕಾ ನ್ಯಾಯಮಂಡಳಿ 2014ರಲ್ಲಿ ಅವರ ಪರ ತೀರ್ಪು ಕೊಟ್ಟಿತು, ಹೈಕೋರ್ಟು 2016ರಲ್ಲಿ ಎತ್ತಿಹಿಡಿಯಿತು, ಸುಪ್ರೀಂ ಕೋರ್ಟು 2017ರ ಏಪ್ರಿಲಿನಲ್ಲಿ ಪಾಲಿಕೆಯ ಮೇಲ್ಮನವಿಯನ್ನು ಒಪ್ಪದೆ 2,700 ಕಾರ್ಮಿಕರನ್ನು ಕಾಯಂ ಮಾಡಬೇಕೆಂದಿತು. ಸಂಘಟನೆಯಿಲ್ಲದಿದ್ದರೆ ಇದಾಗುತ್ತಿತ್ತೇ?

ಪಗಾರದ ಮಾತೂ ಅಷ್ಟೇ. ಕಂತ್ರಾಟುದಾರ ಕೊಡದಿದ್ದರೆ ಕೆಲಸ ಕೊಟ್ಟ ಮೂಲ ಮಾಲಿಕನು ಕೊಟ್ಟು, ಅವನಿಂದ ವಸೂಲು ಮಾಡಿಕೊಳ್ಳತಕ್ಕದ್ದೆಂದು 1970ರ ಕಂತ್ರಾಟು ಕಾರ್ಮಿಕ ಕಾನೂನು ಹೇಳಿತ್ತು. 2025ರ ನವೆಂಬರಿನಲ್ಲಿ ಜಾರಿಗೆ ಬಂದ ಹೊಸ ಸಂಹಿತೆಯಲ್ಲಿಯೂ ಈ ಮಾತು ಉಳಿದಿದೆ. ಗುಂಡಿಗೆ ಬಿದ್ದವನ ವಿಷಯದಲ್ಲಿಯೂ ಹೈಕೋರ್ಟು 2025ರ ಅಕ್ಟೋಬರಿನಲ್ಲಿ ಇದೇ ದಾರಿ ಹಿಡಿಯಿತು: ರಸ್ತೆಯ ಗುಂಡಿಯಿಂದಲೋ ತೆರೆದ ಮ್ಯಾನ್‌ಹೋಲಿನಿಂದಲೋ ಸತ್ತರೆ ಕುಟುಂಬಕ್ಕೆ 6 ಲಕ್ಷ ರೂಪಾಯಿ, ಗಾಯವಾದರೆ 50,000ದಿಂದ 2.5 ಲಕ್ಷದ ವರೆಗೆ ಪರಿಹಾರ. ಮೊದಲು ಸಂಸ್ಥೆ ಕೊಡಬೇಕು, ಬಳಿಕ ತಪ್ಪಿತಸ್ಥ ಅಧಿಕಾರಿ, ಕಂತ್ರಾಟುದಾರರಿಂದ ವಸೂಲು ಮಾಡಬೇಕು. ಧಣಿ ಗಲ್ಲೆಯಿಂದ ಏಳುವಂತಿಲ್ಲ ಎಂದು ಕೋರ್ಟು ಹೇಳಿದಂತಾಯಿತು. ನನ್ನ ಖೋಲಿಯ ಗೆಳೆಯ ಬಿದ್ದಾಗ ಈ ಆಜ್ಞೆ ಇರಲಿಲ್ಲ. ನಾಳೆ ಬೀಳುವವನಿಗೆ ಇದೆ, ಆದರೆ ಅವನಿಗೆ ಅದು ಗೊತ್ತಿರಬೇಕಲ್ಲ?

2022ರ ಮಾರ್ಚಿನಿಂದ ಸುಮಾರು ನಾಲ್ಕು ವರ್ಷ ಮುಂಬಯಿ ಪಾಲಿಕೆಯಲ್ಲಿ ನಗರಸೇವಕರೇ ಇರಲಿಲ್ಲ. ಕಂತ್ರಾಟು ಕೊಡುವ ಕೈ, ಒಪ್ಪಿಗೆ ಹಾಕುವ ಕೈ ಎರಡೂ ಆಯುಕ್ತರದೇ. 2026ರ ಜನವರಿ 15ರಂದು ಚುನಾವಣೆಯಾಗಿ 227 ಮಂದಿ ಆರಿಸಿ ಬಂದರು. ನಮ್ಮ ವೋಟು ಕೇಳಲು ಬಂದವರನ್ನು ಇನ್ನು ನಾವು ಕೇಳಬೇಕಾಗಿದೆ.

ಏನು ಮಾಡಬೇಕು? ಮೂರೇ ಸಂಗತಿ ಹೇಳಿ ಮುಗಿಸುತ್ತೇನೆ.

ಮೊದಲನೆಯದು, ನಮ್ಮ ವಾರ್ಡಿನಲ್ಲಿ ಅಗೆತ ಕಂಡರೆ ಹಲಗೆ ಹುಡುಕಿ. ಕೆಲಸ ಯಾರದು, ಎಂದು ಮುಗಿಯಬೇಕು, ದೋಷ ಹೊಣೆ ಎಂದಿನ ವರೆಗೆ ಎಂದು ತಿಳಿದುಕೊಳ್ಳಿ. ಹಲಗೆಯಿಲ್ಲದಿದ್ದರೆ ಅದೇ ಮೊದಲ ದೂರು. ಬಾಯಿಮಾತು ಬೇಡ, ಬರೆದು ಕೊಟ್ಟು ದೂರಿನ ನಂಬರು ಇಟ್ಟುಕೊಳ್ಳಿ, ಜಾಗದ ಫೋಟೋ ತೆಗೆಯಿರಿ.

ಎರಡನೆಯದು, 2005ರ ಮಾಹಿತಿ ಹಕ್ಕಿನ ಕಾನೂನು. ಹತ್ತು ರೂಪಾಯಿಯ ಅರ್ಜಿ. ಅಳತೆ ಪುಸ್ತಕದ ನಕಲು ಕೇಳಬಹುದು. ಅಷ್ಟೇ ಅಲ್ಲ, ಕೆಲಸವನ್ನು ಕಣ್ಣಾರೆ ಪರಿಶೀಲಿಸುವ, ಬಳಸಿದ ಸಾಮಗ್ರಿಯ ದೃಢೀಕರಿಸಿದ ಮಾದರಿಯನ್ನು ಕೇಳುವ ಹಕ್ಕೂ ಅದರಲ್ಲಿ ಇದೆ. ಅರ್ಜಿ ಬರೆಯಲು ಬಾರದವರು ಭಾನುವಾರ ಸಂಘದ ಕೋಣೆಗೆ ಬನ್ನಿರಿ, ಕುಳಿತು ಬರೆಯೋಣ.

ಮೂರನೆಯದು, ಅಗೆಯುವವನನ್ನು ಬೈಯಬೇಡಿ, ಮಾತಾಡಿಸಿ. ಕಲಬುರಗಿ, ರಾಯಚೂರು, ವಿಜಯಪುರದಿಂದ ಬಂದು ನಾಕಾದಲ್ಲಿ ನಿಲ್ಲುವ ನಮ್ಮವರು ಎಷ್ಟೋ ಮಂದಿ ಈ ಸಂಘದ ಹೆಸರನ್ನೇ ಕೇಳಿಲ್ಲ. ಡಾಂಬರು ಎಷ್ಟು ದಪ್ಪ ಬಿತ್ತು, ಹೂಳು ಎಷ್ಟು ಲಾರಿ ಹೋಯಿತು ಎಂಬುದನ್ನು ಇಂಜಿನಿಯರನಿಗಿಂತ ಮೊದಲು ಕಂಡವನು ಅವನು. ಅವನ ಪಗಾರದ ಬೆನ್ನಿಗೆ ನಾವು ನಿಂತರೆ, ನಮ್ಮ ರಸ್ತೆಯ ಸತ್ಯಕ್ಕೆ ಅವನು ನಿಲ್ಲುತ್ತಾನೆ.

ಆ ಯಾದಗಿರಿಯವನ ಪಗಾರಕ್ಕಾಗಿ ಅಂದು ನಾನು ಏನೂ ಮಾಡಲಿಲ್ಲ. ಗೆಳೆಯನ ಕಾಲಿನ ಚಿಂತೆಯಲ್ಲಿ ಅವನ ಹೆಸರನ್ನೂ ಕೇಳದೆ ಬಂದುಬಿಟ್ಟೆ. ಅದು ನನ್ನ ತಪ್ಪು. ತಾವು ಅಂಥ ತಪ್ಪು ಮಾಡಬಾರದೆಂದು ಕೇಳಿಕೊಳ್ಳುತ್ತೇನೆ.