ಎಳ್ಳಮಾವಾಸ್ಯೆಯ ಬುತ್ತಿಯೂ ದಾಸೋಹಭಾವವೂ

(ಶ್ರೀಮಠದ ಶಿವಾನುಭವಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)



ಅನ್ನವನ್ನು ಮನೆಯೊಳಗೆ ಉಣ್ಣುವುದು ನಿತ್ಯದ ವ್ಯವಹಾರವು. ಆ ಅನ್ನವು ಹುಟ್ಟುವ ನೆಲದಲ್ಲಿಯೇ ಬಂಧುಬಳಗದೊಡನೆ ಕುಳಿತು ಉಣ್ಣುವುದು ಅಪರೂಪದ ಯೋಗವು. ೨೦೧೯ರಿಂದ ಕಲ್ಯಾಣ ಕರ್ನಾಟಕವೆಂದು ಕರೆಯಲ್ಪಡುತ್ತಿರುವ ಕಲಬುರಗಿ, ಬೀದರ ಮೊದಲಾದ ಸೀಮೆಗಳಲ್ಲಿಯೂ ಅದಕ್ಕೆ ಹೊಂದಿದ ವಿಜಯಪುರದ ಕಡೆಯಲ್ಲಿಯೂ ಒಕ್ಕಲುಮಕ್ಕಳಿಗೆ ಈ ಯೋಗವು ಎಳ್ಳಮಾವಾಸ್ಯೆಯಂದು ಒದಗುವುದು. ಅಂದು ಪೇಟೆಯ ಬೀದಿಗಳು ಬಿಕೋ ಎನ್ನುವವು. ಹೊಲಗಳು ಜಾತ್ರೆಯಂತೆ ತುಂಬುವವು.

ಈ ಹಬ್ಬಕ್ಕೆ ಈ ಕಾಲವೇ ಏಕೆ ಎಂಬುದನ್ನು ಮೊದಲು ವಿಚಾರಿಸತಕ್ಕದ್ದು. ಕರಿಯ ಎರೆಭೂಮಿಯಲ್ಲಿ ಹಿಂಗಾರಿಯ ಬಿಳಿಜೋಳವನ್ನು ಮಳೆಗಾಲದ ಕಡೆಯಲ್ಲಿ ಬಿತ್ತುವರು. ಬಳಿಕ ಮಳೆಯು ಅಪರೂಪ; ಮಣ್ಣು ತನ್ನ ಒಡಲಲ್ಲಿ ಹಿಡಿದಿಟ್ಟ ತೇವದಿಂದಲೂ ಚಳಿಯಿಂದಲೂ ಪೈರು ಬೆಳೆಯತಕ್ಕದ್ದು. ಡಿಸೆಂಬರ-ಜನೇವರಿಯ ಹೊತ್ತಿಗೆ ಜೋಳವು ತೆನೆಗಟ್ಟುವುದು, ಕಡಲೆಯು ಕಾಯಿಗಟ್ಟುವುದು. ಫಲವು ಕಣ್ಣಿಗೆ ಬಿದ್ದಿದೆ, ಕೈಗೆ ಬಂದಿಲ್ಲ. ಇಂಥ ಭೂತಾಯಿಯನ್ನು ಬಸುರಿಯೆಂದು ಭಾವಿಸಿ, ಅವಳ ಬಯಕೆಯನ್ನು ತೀರಿಸಬೇಕೆಂಬುದು ಹಿರಿಯರ ಭಾವನೆ. ಆದುದರಿಂದ ಹೊಲದಲ್ಲಿ ಪೂಜೆ ಸಲ್ಲಿಸಿ, ಒಬ್ಬನು ಎಡೆಯ ಅನ್ನವನ್ನು ಹೊಲದ ಸುತ್ತಲೂ ಚೆಲ್ಲುತ್ತ ನಡೆಯುವನು. ಇನ್ನೊಬ್ಬನು ನೀರು ಚಿಮುಕಿಸುತ್ತ ಹಿಂದೆ ನಡೆಯುವನು. ಇದೇ ಚರಗವು. ಚೆಲ್ಲಿದ ಅನ್ನವು ಹಕ್ಕಿಗೂ ಇರುವೆಗೂ ಸಲ್ಲುವುದರಿಂದ ಇದನ್ನು ಸಕಲ ಜೀವರ ದಾಸೋಹವೆಂದರೆ ತಪ್ಪಾಗಲಾರದು.

ಅನಂತರ ಬುತ್ತಿಯನ್ನು ಬಿಚ್ಚುವರು. ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿ, ಜೋಳದ ಕಡುಬು, ಶೇಂಗಾ ಹೋಳಿಗೆ, ಗಡಿಗೆಯ ತುಂಬ ಅಂಬಲಿ. ಅವರೆ, ತೊಗರಿ, ಕಡಲೆ, ಸೊಪ್ಪು, ಕಾಯಿಪಲ್ಯಗಳೆಲ್ಲ ಒಂದೇ ಪಾತ್ರೆಯಲ್ಲಿ ಬೆಂದು ಒಂದೇ ರುಚಿಯಾದ ಭಜ್ಜಿ. ಈ ಜೋಳ-ಸಜ್ಜೆಗಳ ಹಿರಿಮೆಯನ್ನು ಲೋಕವು ಅರಿಯಲೆಂದು ವಿಶ್ವಸಂಸ್ಥೆಯು ೨೦೨೩ನೆಯ ಇಸವಿಯನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿತು. ಎರೆಸೀಮೆಯ ತಾಯಂದಿರಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಆದರೆ ಬುತ್ತಿಯ ರುಚಿಯು ಪದಾರ್ಥದಲ್ಲಿ ಮಾತ್ರವೇ ಇಲ್ಲ. ಇದಕ್ಕೊಂದು ದೃಷ್ಟಾಂತವುಂಟು.

ಒಂದೂರಿನಲ್ಲಿ ತಂದೆಯು ಲಿಂಗೈಕ್ಯನಾದ ಮೇಲೆ ಅಣ್ಣತಮ್ಮಂದಿರು ೧೨ ಎಕರೆ ಹೊಲವನ್ನು ಸಮನಾಗಿ ಹಂಚಿಕೊಂಡರು. ಕೆಲವು ದಿನಗಳಲ್ಲಿ ಬದುವಿನ ಕಲ್ಲು ತಮ್ಮನ ಕಡೆಗೆ ಒಂದು ಮೊಳ ಸರಿಯಿತು. ಅಂದಿನಿಂದ ಮಾತು ನಿಂತಿತು. ಮೂರು ವರ್ಷ ಒಂದೇ ಹೊಲದಲ್ಲಿ ಎರಡು ಚರಗಗಳಾದವು. ನಾಲ್ಕನೆಯ ವರ್ಷ ಇಬ್ಬರೂ ಅಕ್ಕನಿಗೆ ಬೇರೆ ಬೇರೆ ಕರೆ ಕಳುಹಿದರು. ಅವಳು ಗಂಡ, ಮಕ್ಕಳು, ಅತ್ತೆಯವರನ್ನು ಕರೆದುಕೊಂಡು ಬಂದಳು. "ಮೊದಲು ನಮ್ಮಲ್ಲಿ ಉಣ್ಣು" ಎಂದು ಹಿರಿಯನೂ, "ನಮ್ಮಲ್ಲಿ" ಎಂದು ಕಿರಿಯನೂ ಹಟ ಹಿಡಿದರು.

ಅಕ್ಕನು ಯಾರ ಕಡೆಗೂ ಹೋಗಲಿಲ್ಲ. ಬದುವಿನ ಮೇಲೆಯೇ ಕಂಬಳಿ ಹಾಸಿ ಅತ್ತೆಯನ್ನು ಕೂಡ್ರಿಸಿದಳು. "ತಮ್ಮಂದಿರಾ, ಅಪ್ಪನಿದ್ದಾಗ ಈ ಹೊಲಕ್ಕೆ ಚರಗವು ಒಂದೇ ಇತ್ತು. ಅದು ಒಂದಾಗುವ ತನಕ ನನ್ನ ಮಕ್ಕಳು ತುತ್ತು ಎತ್ತುವುದಿಲ್ಲ" ಎಂದಳು. ಬೀಗರ ಎದುರಿನಲ್ಲಿ ಮಕ್ಕಳು ಹಸಿದು ಕುಳಿತಿದ್ದವು. ಬಹಳ ಹೊತ್ತಿನ ಮೇಲೆ ಹಿರಿಯನು ಚರಗದ ಬುಟ್ಟಿಯನ್ನು ಎತ್ತಿಕೊಂಡನು. ತಮ್ಮನ ಪಾಲಿನ ಕಡೆಯ ಮೂಲೆಯವರೆಗೂ ನಡೆದನು. ಕಿರಿಯನು ಮಾತಿಲ್ಲದೆ ತಂಬಿಗೆ ಹಿಡಿದು ಅವನ ಹಿಂದೆ ನಡೆದನು. ಅಂದು ಎರಡು ಮನೆಯ ಭಜ್ಜಿಯೂ ಒಂದೇ ಪಾತ್ರೆಗೆ ಬಿದ್ದಿತು. ಊಟದಲ್ಲಿ ಅವರಿಬ್ಬರೂ ಹೆಚ್ಚು ಮಾತನಾಡಲಿಲ್ಲವೆಂಬುದು ನಿಜವು. ಆದರೆ ಮುಂದಿನ ಬಿತ್ತನೆಗೆ ಮೊದಲೇ ಹಿರಿಯನು ತಾನಾಗಿ ಕಲ್ಲನ್ನು ಅದರ ಸ್ಥಾನಕ್ಕೆ ತಂದು ನೆಟ್ಟನು.

ಇಲ್ಲಿ ೧೨ನೆಯ ಶತಮಾನದ ಕಲ್ಯಾಣವು ನೆನಪಿಗೆ ಬಾರದಿರದು. ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದೇ ಆಯ್ದಕ್ಕಿ ಮಾರಯ್ಯನವರ ಕಾಯಕವು. ಒಂದು ದಿನ ಅವರು ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಅವರ ಸತಿ ಲಕ್ಕಮ್ಮನವರು ಅದನ್ನು ಒಪ್ಪದೆ ಹಿಂದಿರುಗಿಸಿ ಬರುವಂತೆ ಮಾಡಿದರು. ಬಡತನದಲ್ಲಿಯೂ ಹೆಚ್ಚಾದ ಹಿಡಿ ಅಕ್ಕಿಯನ್ನು ಮನೆಯೊಳಗೆ ಬಿಡದ ಆ ಮಹಾತಾಯಿಯ ಅರಿವೂ, ಸರಿದ ಒಂದು ಮೊಳ ನೆಲವನ್ನು ಬುತ್ತಿಯ ನೆಪದಿಂದ ಹಿಂದಕ್ಕೆ ತರಿಸಿದ ಅಕ್ಕನ ಅರಿವೂ ಒಂದೇ ದಾರಿಯವು. ತನ್ನದಲ್ಲದುದನ್ನು ಇಟ್ಟುಕೊಂಡು ಬಡಿಸಿದ ಅನ್ನವು ಎಷ್ಟು ಸವಿಯಾದರೂ ಪ್ರಸಾದವಾಗಲಾರದು.

ಆದಕಾರಣ ಶ್ರೀಮಠದ ಸದ್ಭಕ್ತರು ಮೂರು ಮಾತುಗಳನ್ನು ಲಕ್ಷ್ಯದಲ್ಲಿಡತಕ್ಕದ್ದು. ಮೊದಲನೆಯದು, ಆ ಹೊಲದಲ್ಲಿ ಕಳೆ ತೆಗೆದವರಿಗೂ ಎಡೆ ಹೊಡೆದವರಿಗೂ ಬೀಗರ ಪಂಕ್ತಿಯಲ್ಲಿಯೇ ಸ್ಥಾನವಿರಲಿ. ಉಳಿದುದನ್ನು ಕಟ್ಟಿ ಕಳುಹುವುದು ದಾಸೋಹವಲ್ಲ. ಎರಡನೆಯದು, ಬುತ್ತಿಯು ಸಿರಿತನದ ಮೆರವಣಿಗೆಯಾಗದಿರಲಿ. ಬಡ ನೆಂಟನು ತನ್ನ ಹೊಲಕ್ಕೆ ಮರಳಿ ಕರೆಯಲು ನಾಚುವಂತೆ ಬಡಿಸಬಾರದು. ಮೂರನೆಯದು, ನೀಡಿಸಿಕೊಂಡುದನ್ನು ಚೆಲ್ಲಬಾರದು. ಚರಗವು ಜೀವರಿಗೆ ಸಲ್ಲುವುದು, ಎಂಜಲಿನಲ್ಲಿ ಕೆಟ್ಟ ಅನ್ನವು ಯಾರಿಗೂ ಸಲ್ಲದು.

ಬಂಡಿಗಳು ಹೋಗಿ ಟ್ರ್ಯಾಕ್ಟರುಗಳೂ ಮೋಟಾರುಗಳೂ ಬಂದಿವೆ. ದೂರದ ಊರುಗಳಲ್ಲಿ ಉದ್ಯೋಗಕ್ಕಿರುವ ಮಕ್ಕಳು ಅದೊಂದು ದಿನ ಹೊಲದ ಹಾದಿ ಹಿಡಿಯುವರು. ಬರುವ ದಾರಿ ಹೇಗೇ ಇರಲಿ, ಬಂದವರನ್ನು ಕೂಡ್ರಿಸುವ ಕಂಬಳಿಯು ಬದುವಿನ ಎರಡೂ ಕಡೆಗೆ ಹಾಸುವಷ್ಟು ಅಗಲವಾಗಿರಲೆಂದು ಬಸವಾದಿ ಪ್ರಮಥರಲ್ಲಿ ಪ್ರಾರ್ಥನೆ.